ಮನೆಯಲ್ಲೇ ಡಯಾಲಿಸಿಸ್: ನಮ್ಮಮ್ಮ ಕಲಿತ ಬಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಕೊಟ್ಟಿದ್ದ ವಿಷಯ ಮಾಹಿತಿ ತಂತ್ರಜ್ಞಾನದಲ್ಲಿ ಉದ್ಯೋಗಾವಕಾಶಗಳು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಮೂವರು ಈ ಶಾಮಿಯಾನದಲ್ಲೇ ಇದ್ದಾರೆ. ಅದಕ್ಕೆ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ ವಿಷಯ ಬದಲಾಯಿಸಿಕೊಂಡೆ. ನಮ್ಮಪ್ಪ ಅಲ್ಲಿ ಬೇವಿನ ಮರದ ಕೆಳಗೆ ಕುಳಿತಿದ್ದಾರೆ, ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಬಿಳಿ ಅಂಗಿ ಹಾಕಿಕೊಂಡು ಎಲ್ಲರ ಹಾಗೇ ಕಾಣುತ್ತಿದ್ದಾರೆ. ಅವರ ಹೊಟ್ಟೆಯಲ್ಲಿ ಈಗ ಎರಡು ಲೀಟರ್ ಸಕ್ಕರೆ ನೀರು ಇದೆ. ಬೆಳಿಗ್ಗೆ ಆರು ಗಂಟೆಗೆ ಅಮ್ಮ ತುಂಬಿಸಿದ್ದು. ಅಂದರೆ ಅಪ್ಪ ಇಲ್ಲಿ ಕುಳಿತು ನನ್ನ ಮಾತು ಕೇಳುತ್ತಿರುವಾಗಲೇ ಅವರಿಗೆ ಡಯಾಲಿಸಿಸ್ ನಡೆಯುತ್ತಿದೆ. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ವಿಜ್ಞಾನದ ಮೇಷ್ಟ್ರ ಆಲೂಗಡ್ಡೆ ನೆನಪಿರಬೇಕು. ಪ್ರಯೋಗಾಲಯ ಅಂತ ಬೇರೆ ಇರಲಿಲ್ಲ. ಒಂಬತ್ತನೇ ತರಗತಿಯ ಕಿಟಕಿಯ ಕಟ್ಟೆಯೇ ಪ್ರಯೋಗಾಲಯ. ಸಿಪ್ಪೆ ತೆಗೆದ ಆಲೂಗಡ್ಡೆಯ ನಡುವೆ ಕುಳಿ ಕೊರೆದು, ಅದರಲ್ಲಿ ಸಕ್ಕರೆ ಪಾಕ ಹುಯ್ದು, ಮಟ್ಟ ಗುರುತಿಸಲು ಒಂದು ಗುಂಡುಸೂಜಿ ಚುಚ್ಚಿ, ನೀರಿನ ತಟ್ಟೆಯಲ್ಲಿ ಇಟ್ಟರು. ಎರಡು ಪಿರಿಯಡ್ ಆದ ಮೇಲೆ ನೋಡಿದರೆ ಪಾಕದ ಮಟ್ಟ ಸೂಜಿಗಿಂತ ಮೇಲೆ ಬಂದಿತ್ತು. ಹೊರಗಿನ ನೀರು ಆಲೂಗಡ್ಡೆಯ ಗೋಡೆ ದಾಟಿ ಸಕ್ಕರೆ ಇದ್ದ ಕಡೆಗೆ ಹೋಗಿತ್ತು. ಅಭಿಸರಣೆ. ನಾನು ಅದನ್ನು ಎರಡು ಅಂಕದ ಪ್ರಶ್ನೆ ಅಂತ ಬಾಯಿಪಾಠ ಮಾಡಿದೆ. ಹದಿನೆಂಟು ವರ್ಷ ಆದ ಮೇಲೆ ಅದೇ ಆಲೂಗಡ್ಡೆ ನಮ್ಮಪ್ಪನ ಹೊಟ್ಟೆಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಿ.ಪಿ. ಕೂಡ ಇತ್ತು, ಆದರೆ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ತಲೆ ಸುತ್ತಿದ ದಿನ ಮಾತ್ರ. 2022ರಲ್ಲಿ ಕಾಲು ಊದಿಕೊಂಡು, ಊಟ ಸೇರದೆ, ರಾತ್ರಿ ಮಲಗಿದರೆ ಉಸಿರು ಕಟ್ಟುವ ಹಾಗಾದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಮೂತ್ರಪಿಂಡ ಕೈಬಿಟ್ಟಿದ್ದವು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಯಂತ್ರದ ಡಯಾಲಿಸಿಸ್ ಆಗಬೇಕು ಎಂದರು. ಹತ್ತಿರದಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ತಿಪಟೂರಿನಿಂದ ತುಮಕೂರಿಗೆ ಸುಮಾರು 75 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಜೊತೆಗೆ ಅಮ್ಮ. ವಾರದಲ್ಲಿ ಮೂರು ದಿನ ಇಬ್ಬರದೂ ಹೋಯಿತು, ಮಾರನೆಯ ದಿನ ಅಪ್ಪನಿಗೆ ಏಳಲು ತ್ರಾಣ ಇರುತ್ತಿರಲಿಲ್ಲ. ತೋಟಕ್ಕೆ ನೀರು ಬಿಡುವವರಿಲ್ಲ, ಕರೆಯುವ ಎರಡು ಹಸು ಮಾರಿದೆವು. ಐದು ತಿಂಗಳಾದ ಮೇಲೆ ಒಂದು ದಿನ ಅಪ್ಪ, 'ಸಾಕು ಬಿಡಪ್ಪ, ಇದ್ದಷ್ಟು ದಿನ ಮನೇಲಿ ಇರ್ತೀನಿ' ಎಂದರು. ಡಯಾಲಿಸಿಸ್ ಬಿಟ್ಟರೆ ಇದ್ದಷ್ಟು ದಿನ ಅಂದರೆ ಎಷ್ಟು ದಿನ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಮೂತ್ರಪಿಂಡದ ವೈದ್ಯರೊಬ್ಬರು ಇನ್ನೊಂದು ದಾರಿ ಹೇಳಿದರು. ನಮ್ಮ ಹೊಟ್ಟೆಯ ಒಳಗೋಡೆಗೆ ಪೆರಿಟೋನಿಯಂ ಎಂಬ ತೆಳ್ಳನೆಯ ಪೊರೆ ಹಾಸಿದೆ, ಅದರ ತುಂಬ ಸಣ್ಣ ಸಣ್ಣ ರಕ್ತನಾಳ. ಹೊಕ್ಕುಳಿನ ಪಕ್ಕ ಒಂದು ಮೆತ್ತನೆಯ ಕೊಳವೆ ಕೂರಿಸಿ, ಅದರ ಮೂಲಕ ಎರಡು ಲೀಟರ್ ಸಕ್ಕರೆ ಬೆರೆತ ದ್ರಾವಣವನ್ನು ಹೊಟ್ಟೆಗೆ ಬಿಡುತ್ತಾರೆ. ನಾಲ್ಕಾರು ಗಂಟೆ ಅದು ಒಳಗಿರುತ್ತದೆ. ರಕ್ತದಲ್ಲಿರುವ ಕಸ ಪೊರೆ ದಾಟಿ ದ್ರಾವಣಕ್ಕೆ ಬರುತ್ತದೆ, ಮೈಯಲ್ಲಿ ಮಿಕ್ಕ ನೀರನ್ನು ಸಕ್ಕರೆ ಎಳೆದುಕೊಳ್ಳುತ್ತದೆ. ಮೇಷ್ಟ್ರ ಆಲೂಗಡ್ಡೆಯೇ. ಆಮೇಲೆ ಹಳೆಯದನ್ನು ಇಳಿಸಿ ಹೊಸದು ತುಂಬಿಸುವುದು, ಎಲ್ಲ ಸೇರಿ ಮುಕ್ಕಾಲು ಗಂಟೆಯೊಳಗಿನ ಕೆಲಸ. ದಿನಕ್ಕೆ ಮೂರೋ ನಾಲ್ಕೋ ಸಲ. ಯಂತ್ರ ಬೇಡ, ಸೂಜಿ ಬೇಡ, ಕರೆಂಟು ಬೇಡ. ಯಂತ್ರದ ಡಯಾಲಿಸಿಸ್‌ಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಹರಿಯಬೇಕು. ನಮ್ಮೂರಿನ ಫ್ಲೋರೈಡ್ ನೀರು, ಸಿಂಗಲ್ ಫೇಸ್ ಕರೆಂಟು ನೆನೆಸಿಕೊಳ್ಳಿ, ಯಾಕೆ ಈ ದಾರಿ ನಮ್ಮಂಥವರಿಗೆ ಹಿಡಿಸುತ್ತದೆ ಗೊತ್ತಾಗುತ್ತದೆ. ಖರ್ಚು ಕಡಿಮೆಯೇನಲ್ಲ. ನಮಗೆ ಚೀಲಗಳಿಗೇ ತಿಂಗಳಿಗೆ 25 ಸಾವಿರದ ಆಸುಪಾಸು ಬೀಳುತ್ತದೆ. ನನಗೆ ಕೆಲಸ ಇದೆ, ನಡೆಯುತ್ತಿದೆ. ಇಲ್ಲದವರ ಮಾತಿಗೆ ಆಮೇಲೆ ಬರುತ್ತೇನೆ. ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಹೊಟ್ಟೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೆ, ಹರ್ನಿಯಾ ಇದ್ದರೆ ವೈದ್ಯರು ಯೋಚಿಸುತ್ತಾರೆ.

ಈ ಉಪಾಯ ಹೊಳೆದದ್ದು ಅರ್ಧ ಎಂಜಿನಿಯರುಗಳಿಗೆ ಎನ್ನುವುದು ನನಗೆ ಸ್ವಲ್ಪ ಹೆಮ್ಮೆಯ ಸಂಗತಿ. 1964ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಒಬ್ಬಳು ಹೈಸ್ಕೂಲ್ ಹುಡುಗಿ, ಇಲ್ಲಿ ಮುಂದೆ ಕುಳಿತಿರುವವರ ವಯಸ್ಸಿನವಳು. ಅಲ್ಲಿಯ ಡಯಾಲಿಸಿಸ್ ಕೇಂದ್ರದಲ್ಲಿ ಜಾಗ ಬಹಳ ಕಡಿಮೆ. ಯಾರಿಗೆ ಕೊಡಬೇಕು ಅಂತ ತೀರ್ಮಾನಿಸಲು ಒಂದು ಸಮಿತಿ. ಆ ಹುಡುಗಿಗೆ ಜಾಗ ಸಿಗಲಿಲ್ಲ. ಆಗ ಆಲ್ಬರ್ಟ್ ಬ್ಯಾಬ್ ಎಂಬ ಪರಮಾಣು ಎಂಜಿನಿಯರ್ ತನ್ನ ತಂಡ ಕಟ್ಟಿಕೊಂಡು ಕೆಲವೇ ತಿಂಗಳಲ್ಲಿ ಮನೆಯಲ್ಲಿ ಇಡಬಹುದಾದ ಒಂದು ಯಂತ್ರ ಮಾಡಿಕೊಟ್ಟರು. ಯಂತ್ರ ಆಯಿತು, ಆಮೇಲೆ ಅದನ್ನು ನಡೆಸುವುದನ್ನು ಮನೆಯವರಿಗೆ ಕಲಿಸಬೇಕಾಯಿತು. ಹೊಟ್ಟೆಯ ಡಯಾಲಿಸಿಸ್ ಈಗಿನ ರೂಪಕ್ಕೆ ಬಂದದ್ದು 1976ರಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಜ್ಯಾಕ್ ಮಾನ್‌ಕ್ರೀಫ್ ವೈದ್ಯರು, ರಾಬರ್ಟ್ ಪೊಪೊವಿಚ್ ಎಂಜಿನಿಯರು. ದಿನಕ್ಕೆ ಎಷ್ಟು ಲೀಟರ್ ಒಳಗಿಟ್ಟರೆ ಮನುಷ್ಯ ಬದುಕುತ್ತಾನೆ ಎಂದು ಲೆಕ್ಕ ಹಾಕಿದರು. ಮೊದಮೊದಲು ಗಾಜಿನ ಬಾಟಲಿ, ಆಮೇಲೆ ಟೊರೊಂಟೊದಲ್ಲಿ ಪ್ಲಾಸ್ಟಿಕ್ ಚೀಲ ಬಂತು.

ಇದೆಲ್ಲ ನಾನು ಇಂಟರ್‌ನೆಟ್‌ನಲ್ಲಿ ಕೂತು ರಾತ್ರಿಯಿಡೀ ಓದಿದೆ. ಓದಿ ನನಗೆ ಎಲ್ಲ ಗೊತ್ತಾಯಿತು ಅಂದುಕೊಂಡೆ. ಅಲ್ಲೇ ತಪ್ಪಿದ್ದು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಪ್ಪನಿಗೆ ಕೊಳವೆ ಕೂರಿಸಿದರು. ಎರಡು ವಾರ ಗಾಯ ಮಾಯಲು ಬಿಟ್ಟು ತರಬೇತಿಗೆ ಕರೆದರು. ತರಬೇತಿ ಅಂದರೆ ಒಂದು ಮಧ್ಯಾಹ್ನ. ಹೇಳಿಕೊಟ್ಟವರು ಒಳ್ಳೆಯವರೇ, ಆದರೆ ಅವಸರದಲ್ಲಿದ್ದರು. ನಾನು ಓದಿದವನು ಅಂತ ನನ್ನ ಮುಖ ನೋಡಿಕೊಂಡೇ ಎಲ್ಲ ಹೇಳಿದರು. ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ಅಮ್ಮ ಪಕ್ಕದಲ್ಲಿ ಅಪ್ಪನ ಶಾಲು ಹಿಡಿದುಕೊಂಡು ನಿಂತಿದ್ದರು. ದಿನಕ್ಕೆ ಮೂರು ಸಲ ಚೀಲ ಬದಲಾಯಿಸಬೇಕಾದವರು ಅಮ್ಮ, ನಾನಲ್ಲ! 'ಗೊತ್ತಾಯ್ತಾ ಅಮ್ಮ?' ಎಂದು ಕೇಳಿದರು. ಅಮ್ಮ 'ಹ್ಞೂಂ' ಎಂದರು. ಗೊತ್ತಾಯ್ತಾ ಅಂತ ಕೇಳಿದರೆ ಹ್ಞೂಂ ಅನ್ನದವರು ಯಾರು? ಲೆಕ್ಕದ ಪಿರಿಯಡ್ಡಿನಲ್ಲಿ ನಾವೆಲ್ಲ ಹಾಗೇ ಅನ್ನುತ್ತಿರಲಿಲ್ಲವೇ?

ಊರಿಗೆ ಬಂದೆವು. ನಾನು ಒಂದು ವಾರ ಇದ್ದು ಬೆಂಗಳೂರಿಗೆ ಹೊರಡುವ ಮುಂಚೆ ನನ್ನ ಕೈಚಳಕ ತೋರಿಸಿದೆ. ಒಂದು ಆ್ಯಪ್ ಬರೆದು ಅಮ್ಮನ ಫೋನಿಗೆ ಹಾಕಿದೆ. ಎಷ್ಟು ಗಂಟೆಗೆ ತುಂಬಿಸಿದಿರಿ, ಎಷ್ಟು ಇಳಿಯಿತು, ಇಳಿದ ನೀರು ಕ್ಲಿಯರ್ ಇತ್ತೇ, ಕ್ಲೌಡಿ ಇತ್ತೇ. ಎಲ್ಲ ಇಂಗ್ಲಿಷಿನಲ್ಲಿ. ಅಮ್ಮ ಏಳನೇ ತರಗತಿ ಓದಿದವರು, ಕನ್ನಡ ಸರಾಗವಾಗಿ ಓದುತ್ತಾರೆ. ಕನ್ನಡದಲ್ಲಿ ಮಾಡಲು ಇನ್ನೊಂದು ದಿನ ಬೇಕಿತ್ತು, ನಾನು ಆ ಒಂದು ದಿನ ಕೊಡಲಿಲ್ಲ. ಬೆಂಗಳೂರಿನಲ್ಲಿ ಕೂತು ದಿನಾ ಮೂರು ಹಸಿರು ಗುರುತು ನೋಡಿ ನೆಮ್ಮದಿಯಾಗಿದ್ದೆ.

ನಾಲ್ಕನೆಯ ತಿಂಗಳು ಅಪ್ಪನಿಗೆ ಹೊಟ್ಟೆನೋವು, ಚಳಿಜ್ವರ. ಸೋಂಕು. ಪೆರಿಟೋನೈಟಿಸ್ ಎನ್ನುತ್ತಾರೆ, ಈ ಡಯಾಲಿಸಿಸ್‌ನಲ್ಲಿ ಎಲ್ಲರೂ ಹೆದರುವುದು ಅದಕ್ಕೇ. ಹಿಂದಿನ ದಿನ ಬೆಳಿಗ್ಗೆಯೇ ಇಳಿದ ನೀರು ಅನ್ನದ ಗಂಜಿಯ ಹಾಗೆ ಮಬ್ಬಾಗಿತ್ತಂತೆ. ಅಮ್ಮ ಕಂಡಿದ್ದರು. ಆದರೆ ಆ್ಯಪಿನಲ್ಲಿ ಯಾವಾಗಲೂ ಒತ್ತುತ್ತಿದ್ದ ಮೇಲಿನ ಗುಂಡಿಯನ್ನೇ ಒತ್ತಿದ್ದರು. ಕೆಳಗಿನದು ಯಾತಕ್ಕೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅಪ್ಪ ನರಳುತ್ತಿದ್ದ ದಿನವೂ ನನ್ನ ಪರದೆಯ ಮೇಲೆ ಹಸಿರೇ ಇತ್ತು. ನೀರು ಮಬ್ಬಾದ ತಕ್ಷಣ ಆ ಚೀಲವನ್ನು ಚೆಲ್ಲದೆ ಹಾಗೇ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕಿತ್ತು. ನಾವು ಒಂದೂವರೆ ದಿನ ಕಳೆದಿದ್ದೆವು. ಆಸ್ಪತ್ರೆಯಲ್ಲಿ 9 ದಿನ, ಔಷಧಿ ಮೂರು ವಾರ. ಕೊಳವೆ ತೆಗೆಯಬೇಕಾಗಬಹುದು ಎಂದರು, ಪುಣ್ಯಕ್ಕೆ ಉಳಿಯಿತು. ಅಮ್ಮ ಆಸ್ಪತ್ರೆಯ ವರಾಂಡದಲ್ಲಿ ಕುಳಿತು, 'ನನ್ನ ಕೈಯಿಂದಲೇ ಹಿಂಗಾಯ್ತಲ್ಲ' ಎಂದು ಅತ್ತರು. ನನ್ನ ಕೈಯಿಂದ ಆದದ್ದು ಎಂದು ಹೇಳಲು ಅವತ್ತು ನನಗೆ ಬಾಯಿ ಬರಲಿಲ್ಲ. ಇವತ್ತು ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ.

ಈಗ ನಾನು ಹೇಳಬೇಕೆಂದು ಬಂದ ವಿಷಯ. ಇದೇ ಶಾಲೆಯಲ್ಲಿ ನನಗಿಂತ ಐದು ವರ್ಷ ಮುಂಚೆ ಓದಿದ ಒಬ್ಬ ಅಕ್ಕ ಇದ್ದಾರೆ. ನರ್ಸಿಂಗ್ ಓದಿ ಈಗ ಬೇರೊಂದು ಆಸ್ಪತ್ರೆಯಲ್ಲಿ ಮನೆ ಡಯಾಲಿಸಿಸ್‌ನ ನರ್ಸ್. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ. ಅಮ್ಮನ ಕಡೆಯ ದೂರದ ನೆಂಟರ ಮೂಲಕ ವಿಷಯ ತಿಳಿದು, ರಜೆಯಲ್ಲಿ ಊರಿಗೆ ಬಂದಾಗ ಮನೆಗೆ ಬಂದರು. ಬಂದವರು ಪಾಠ ಶುರು ಮಾಡಲಿಲ್ಲ. 'ಅತ್ತೆ, ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ, ನಾನು ಇಲ್ಲಿ ಸುಮ್ನೆ ಕೂತಿರ್ತೀನಿ' ಎಂದು ಮೂಲೆಯಲ್ಲಿ ಕುಳಿತರು.

ಅಮ್ಮ ಬಾಗಿಲು ಹಾಕಿದರು, ಫ್ಯಾನ್ ನಿಲ್ಲಿಸಿದರು, ಮೂಗು ಬಾಯಿಗೆ ಮಾಸ್ಕ್ ಕಟ್ಟಿದರು. ಸೋಪು ಹಚ್ಚಿ ಬೆರಳ ಸಂದು, ಉಗುರು, ಮಣಿಕಟ್ಟು ಎಲ್ಲ ಉಜ್ಜಿ ತೊಳೆದರು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಅಕ್ಕ ಕಣ್ಣು ಮುಚ್ಚಿಕೊಂಡರು. ಸೋಂಕು ಎಲ್ಲಿಂದ ಬಂತು ಅಂತ ನಾಲ್ಕು ತಿಂಗಳ ಲೆಕ್ಕ ಇಟ್ಟ ನನ್ನ ಆ್ಯಪಿಗೆ ಗೊತ್ತಾಗದ್ದು ಅವರಿಗೆ ಐದು ನಿಮಿಷದಲ್ಲಿ ಕಂಡಿತು. ಸೆರಗೇ ಕಾರಣ ಅಂತ ಪ್ರಯೋಗಾಲಯದಲ್ಲಿ ಯಾರೂ ಸಾಬೀತು ಮಾಡಿಲ್ಲ, ಆದರೆ ಕೊಟ್ಟಿಗೆಗೂ ಒಲೆಗೂ ಅದೇ ಸೆರಗು. ಆಮೇಲೆ ನನ್ನ ವಿಡಿಯೋ ತೆಗೆದು ನೋಡಿದೆ. ಅದು ಶುರುವಾಗುವುದೇ ನರ್ಸ್ ಕೈ ತೊಳೆದು ಒರೆಸಿಕೊಂಡು ಬಂದ ಮೇಲೆ!

ಅವತ್ತಿನಿಂದ ಅಕ್ಕ ಆರು ದಿನ ಬಂದರು. ಚೀಲ ಬಿಸಿ ಮಾಡಲು ಅಮ್ಮ ಹಂಡೆಯ ಬಿಸಿನೀರಿನಲ್ಲಿ ಅದ್ದುತ್ತಿದ್ದರು, ಅದನ್ನು ಬಿಡಿಸಿದರು. ನೀರಿನಲ್ಲಿ ಅದ್ದಿದರೆ ಕೊಳವೆಯ ಬಾಯಿಗೆ ತೇವ ಹತ್ತಿ ಕ್ರಿಮಿ ಒಳಗೆ ಹೋಗಬಹುದು, ಒಣ ಶಾಖವೇ ಬೇಕು. ಬೆಕ್ಕನ್ನು ಆ ಕೋಣೆಯಿಂದ ಹೊರಗೆ ಹಾಕಿಸಿದರು. ಮೊದಲು ಹಳೆಯದು ಇಳಿಯಬೇಕು, ಆಮೇಲೆ ಹೊಸ ಚೀಲದ ಸ್ವಲ್ಪ ನೀರನ್ನು ಕೊಳವೆಯ ಮೂಲಕ ಕೆಳಗಿನ ಖಾಲಿ ಚೀಲಕ್ಕೇ ಹರಿಸಿ ತೊಳೆಯಬೇಕು, ಅದಾದ ಮೇಲೆಯೇ ಹೊಟ್ಟೆಗೆ. ಈ ತೊಳೆಯುವುದು ಯಾಕೆ ಎಂದು ಅಮ್ಮನನ್ನೇ ಕೇಳಿದರು. ಅಮ್ಮನಿಗೆ ಗೊತ್ತಿರಲಿಲ್ಲ. 'ಕೊಳವೆ ಹೊಸದಾಗಿ ಹಾಕಿದಾಗ ಬಾಯಲ್ಲಿ ಏನಾದ್ರೂ ಕೂತಿದ್ರೆ ಅದು ಮಾವನ ಹೊಟ್ಟೆಗೆ ಹೋಗ್ಬೇಕೋ, ಕೆಳಗಿನ ಚೀಲಕ್ಕೆ ಹೋಗ್ಬೇಕೋ?' ಅಷ್ಟೇ ಸಾಕಾಯಿತು. ಬೋರ್‌ವೆಲ್ ಶುರು ಮಾಡಿದಾಗ ಮೊದಲ ಕೆಸರು ನೀರನ್ನು ತೊಟ್ಟಿಗೆ ಬಿಡದೆ ಆಚೆ ಬಿಡುವುದು ಅಮ್ಮ ಮೂವತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ.

ಇಳಿದ ನೀರು ತಿಳಿಯಾಗಿದೆಯೇ ನೋಡಲು ಚೀಲದ ಕೆಳಗೆ ದಿನಪತ್ರಿಕೆ ಇಟ್ಟು ಅಕ್ಷರ ಓದಿ ಎಂದರು. ಅಕ್ಷರ ಮಸುಕಾದರೆ ತಕ್ಷಣ ಫೋನ್. ನನ್ನ ಆ್ಯಪ್ ಅಳಿಸಿ ಹಾಕಿದೆವು. ಅಮ್ಮ ಹಾಲಿನ ಡೈರಿಯ ಹಳೆಯ ಪುಸ್ತಕ ತೆಗೆದರು. ಬೆಳಿಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು ಎಂದು ಬರೆಯುತ್ತಿದ್ದ ಮನೆಗಳಲ್ಲೇ ಈಗ ತುಂಬಿಸಿದ್ದು ಎಷ್ಟು, ಇಳಿದದ್ದು ಎಷ್ಟು. ಫ್ಯಾಟು ಬರೆಯುತ್ತಿದ್ದ ಕಡೆ ನೀರಿನ ಬಣ್ಣ. ತೂಗಲು ಕೊಬ್ಬರಿ ತೂಗುವ ಸ್ಪ್ರಿಂಗ್ ತಕ್ಕಡಿ.

ಊಟದ ಮಾತು ಬಂದಾಗ ನಮ್ಮ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಈ ಡಯಾಲಿಸಿಸ್‌ನಲ್ಲಿ ಇಳಿಯುವ ನೀರಿನ ಜೊತೆ ಪ್ರೋಟೀನ್ ಕೂಡ ಹೋಗುತ್ತದೆ, ಅದಕ್ಕೆ ದಿನಾ ಮೊಟ್ಟೆಯ ಬಿಳಿ ತಿನ್ನಬೇಕು ಎಂದರು. ನಮ್ಮದು ಮೊಟ್ಟೆ ಒಳಗೆ ಬರದ ಮನೆ. ಕೊನೆಗೆ ತೋಟದ ಶೆಡ್ಡಿನಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಎಂದು ತೀರ್ಮಾನವಾಯಿತು. ಇನ್ನು ಎಳನೀರು. ಯಂತ್ರದ ಡಯಾಲಿಸಿಸ್ ಕಾಲದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು ಎಂದು ಅದನ್ನು ಪೂರ್ತಿ ನಿಲ್ಲಿಸಿದ್ದರು. ಮುನ್ನೂರು ತೆಂಗಿನ ಮರದ ಯಜಮಾನ, ಒಂದು ಗುಟುಕು ಎಳನೀರು ಕುಡಿಯುವ ಹಾಗಿಲ್ಲ! ದಿನವೂ ನಡೆಯುವ ಈ ಡಯಾಲಿಸಿಸ್‌ನಲ್ಲಿ ಆ ಬಿಗಿ ಸ್ವಲ್ಪ ಸಡಿಲ. ರಕ್ತ ಪರೀಕ್ಷೆ ನೋಡಿ ವೈದ್ಯರು ಈಗ ಅಪರೂಪಕ್ಕೆ ಅರ್ಧ ಲೋಟ ಬಿಟ್ಟಿದ್ದಾರೆ. ಅಪ್ಪ ಅದನ್ನು ಕುಡಿಯುವುದನ್ನು ನೀವು ನೋಡಬೇಕು. ವೈದ್ಯರನ್ನು ಕೇಳದೆ ಯಾರೂ ಇದನ್ನು ಮಾಡಬೇಡಿ.

ಆರನೆಯ ದಿನ ಅಕ್ಕ, 'ಇವತ್ತು ನಾನು ಮಾಡ್ತೀನಿ, ನೀವು ನೋಡ್ತಾ ಇರಿ' ಎಂದರು. ಎಲ್ಲ ಸರಿಯಾಗಿ ಮಾಡುತ್ತಾ ಬಂದು, ಮುಚ್ಚಳ ತೆಗೆದ ಕೊಳವೆಯ ತುದಿಯನ್ನು ಬೇಕೆಂದೇ ತಮ್ಮ ಬೆರಳಿಗೆ ತಾಗಿಸಿದರು. ಅದು ಅಭ್ಯಾಸಕ್ಕೆ ತಂದಿದ್ದ ಕೊಳವೆ, ಅಪ್ಪನದಲ್ಲ. ಅದು ಗೊತ್ತಿಲ್ಲದ ಅಮ್ಮ ಕೂಗಿಕೊಂಡರು. 'ಅಯ್ಯೋ, ಮುಟ್ಟಿಬಿಟ್ಟೆಯಲ್ಲೇ! ಎಂಥ ನರ್ಸಮ್ಮ ನೀನು! ಕ್ಲಾಂಪ್ ಹಾಕು, ಒರೆಸಬೇಡ, ಫೋನ್ ಮಾಡು ಮೊದಲು!' ಅಕ್ಕ ನಗುತ್ತಾ ನನ್ನ ಕಡೆ ತಿರುಗಿ, 'ನಿಮ್ಮಮ್ಮ ಪಾಸು' ಎಂದರು. ಇಷ್ಟು ವರ್ಷ ಓದಿಕೊಂಡು ಬಂದ ನಾನು ಇಂಥ ಪರೀಕ್ಷೆ ಎಲ್ಲೂ ಕಂಡಿರಲಿಲ್ಲ.

ನನ್ನ ಕೆಲಸದಲ್ಲಿ ನೂರಕ್ಕೆ 99.9 ಸರಿಯಿದ್ದರೆ ಬೆನ್ನು ತಟ್ಟುತ್ತಾರೆ. ದಿನಕ್ಕೆ ಮೂರು ಚೀಲ ಅಂದರೆ ವರ್ಷಕ್ಕೆ 1,095 ಸಲ ಕೊಳವೆ ಬಿಚ್ಚಿ ಜೋಡಿಸಬೇಕು. ಸಾವಿರಕ್ಕೆ ಒಂದು ತಪ್ಪು, ಆ ಒಂದೇ ತಪ್ಪು ಸೋಂಕಾದರೆ ವರ್ಷಕ್ಕೊಂದು ಸಲ ಆಸ್ಪತ್ರೆ. ಪೆರಿಟೋನಿಯಲ್ ಡಯಾಲಿಸಿಸ್‌ನ ಅಂತರರಾಷ್ಟ್ರೀಯ ಸಂಘ 2022ರಲ್ಲಿ ಹಾಕಿಕೊಟ್ಟ ಮಿತಿ ಒಬ್ಬ ರೋಗಿಗೆ ವರ್ಷಕ್ಕೆ 0.4, ಅಂದರೆ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚಾಗಬಾರದು. ಏಳನೇ ತರಗತಿಯ ನಮ್ಮಮ್ಮನಿಂದ ನಾವು ಕೇಳುತ್ತಿರುವುದು ನನ್ನ ಕಂಪನಿ ನನ್ನಿಂದ ಕೇಳುವುದಕ್ಕಿಂತ ಹೆಚ್ಚು. ಅದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಲು ಆಗುತ್ತದೆಯೇ? ಅಕ್ಕ ಬಂದು ಹೋಗಿ ಇವತ್ತಿಗೆ 19 ತಿಂಗಳು, ಸುಮಾರು 1,700 ಚೀಲ. ಮತ್ತೆ ಸೋಂಕಾಗಿಲ್ಲ.

ಹೊರಡುವ ದಿನ ಅಕ್ಕನಿಗೆ, ನಿಮಗೆ ಹೀಗೆ ಕಲಿಸುವುದು ಎಲ್ಲಿಂದ ಬಂತು ಎಂದು ಕೇಳಿದೆ. 'ನನಗೂ ಬರ್ತಿರಲಿಲ್ಲ ಕಣಪ್ಪ. ನಾವು ಓದುವಾಗ ಪುಸ್ತಕದಲ್ಲಿ ಒಂದೆರಡು ಪುಟ ಇತ್ತು. ಎಂಟು ವರ್ಷ ಯಂತ್ರದ ಡಯಾಲಿಸಿಸ್‌ನಲ್ಲೇ ಇದ್ದೆ, ಒಂದು ಚೀಲ ಮುಟ್ಟಿರಲಿಲ್ಲ. ಆಮೇಲೆ ಒಬ್ಬರು ಹಿರಿಯ ಸಿಸ್ಟರ್ ಕೈಕೆಳಗೆ ಕಲಿತೆ' ಎಂದರು. ಮನೆಯವರಿಗೆ ಕಲಿಸುವ ಮೊದಲು ಕಲಿಸುವವರಿಗೇ ಕಲಿಸಬೇಕು ಎನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ನರ್ಸ್‌ಗೆ ಧೈರ್ಯ ಇಲ್ಲದಿದ್ದರೆ ರೋಗಿಗೆ ಎಲ್ಲಿಂದ ಧೈರ್ಯ ಬರುತ್ತದೆ? ಬಹಳ ಕಡೆ ಈ ದಾರಿಯ ಹೆಸರನ್ನೇ ರೋಗಿಗೆ ಹೇಳದಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ.

ಬೇರೆ ದೇಶಗಳು ಇದನ್ನು ದೊಡ್ಡದಾಗಿ ಮಾಡಿವೆ. ಹಾಂಗ್‌ಕಾಂಗ್‌ನಲ್ಲಿ 1985ರಿಂದ ಮೊದಲ ಆಯ್ಕೆಯೇ ಹೊಟ್ಟೆಯ ಡಯಾಲಿಸಿಸ್. ಥಾಯ್ಲೆಂಡ್ 2008ರಲ್ಲಿ ಸರ್ಕಾರದ ಖರ್ಚಿನಲ್ಲೇ ಶುರು ಮಾಡಿತು. ಅಲ್ಲಿ ನರ್ಸ್‌ಗಳ ಜೊತೆ ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಸ್ವಯಂಸೇವಕರೂ ಮನೆಮನೆಗೆ ಹೋಗುತ್ತಿದ್ದರು. ನಮ್ಮ ದೇಶದಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಯಂತ್ರದ ಡಯಾಲಿಸಿಸ್‌ಗೆ ಎಂದು ಶುರುವಾಗಿ, 2019ರಲ್ಲಿ ಹೊಟ್ಟೆಯ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂತು. ಖರ್ಚಿಗೆ ಹೆದರುವವರು ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ, ಹೊಟ್ಟೆಯ ಡಯಾಲಿಸಿಸ್‌ಗೆ ಏನು ಸಿಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಈ ಸಮಾರಂಭಕ್ಕೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸ ನನಗೆ ಬಿದ್ದಿತ್ತು. ಅದರಲ್ಲಿ ನರ್ಸಿಂಗ್ ಓದಿದವರು 13 ಜನ ಇದ್ದಾರೆ. ಹನ್ನೊಂದು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಅವರಲ್ಲಿ ಏಳು ಜನ ಇವತ್ತು ಇಲ್ಲಿ ಬಂದಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಆಲೂಗಡ್ಡೆ ಇಟ್ಟಿದ್ದ ಅದೇ ಒಂಬತ್ತನೇ ತರಗತಿಯ ಕೋಣೆಯಲ್ಲಿ, ಅಕ್ಕ ಆ ಏಳು ಜನರ ಕೈಗೆ ಚೀಲ, ಕೊಳವೆ ಕೊಟ್ಟು ಕಲಿಸುತ್ತಾರೆ. ಅಭ್ಯಾಸಕ್ಕೆ ಹೊಟ್ಟೆಯ ಮೇಲೆ ಕಟ್ಟಿಕೊಳ್ಳುವ ಕೊಳವೆ ಹೊಲಿದ ಏಪ್ರನ್ ತರುತ್ತಾರೆ. ಸುತ್ತಮುತ್ತಲ ಹಳ್ಳಿಗಳಲ್ಲಿ ಡಯಾಲಿಸಿಸ್‌ಗೆ ಓಡಾಡುತ್ತಿರುವ ಮನೆಯವರೂ ಬರಬಹುದು. ರೋಗಿಯ ಜೊತೆ ಮನೆಯಲ್ಲಿ ಇರುವವರೇ ಬನ್ನಿ, ಬೆಂಗಳೂರಿನ ಮಗನನ್ನು ಕಳಿಸಬೇಡಿ. ಕೈ ಒರೆಸುವುದನ್ನು ತೋರಿಸುವ ಪಾಠ ಅಮ್ಮನದು, ತಾವೇ ಕೇಳಿ ತೆಗೆದುಕೊಂಡಿದ್ದಾರೆ. ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ನಾನು ಅಚ್ಚು ಹಾಕಿಸಿ ತರುತ್ತೇನೆ. ಅದನ್ನು ಮೊದಲು ಅಮ್ಮ ಓದಿ ತಿದ್ದಿದ್ದಾರೆ, ಮೂರು ಕಡೆ ತಪ್ಪು ಹಿಡಿದರು.

ಗಂಟೆ ಹನ್ನೆರಡೂವರೆ ಆಯಿತು. ಅಪ್ಪನ ಎರಡನೆಯ ಚೀಲ ಒಂದು ಗಂಟೆಗೆ. ಅಮ್ಮ ಆಗಲೇ ಎದ್ದು ನಿಂತು ಮೈಕ್ ಬಿಡು ಎಂದು ಕೈಸನ್ನೆ ಮಾಡುತ್ತಿದ್ದಾರೆ.